ಗೊಬ್ಬರ ಹಾಕದ ನಾಲ್ಕು ಸಾಲು

ನನ್ನ ತಮ್ಮ ನನ್ನನ್ನು ಒಂದು ಪ್ರಶ್ನೆ ಕೇಳಿದ್ದ. ಒಂದೇ ಒಂದು ಸಲ. ನಾನು ಸುಳ್ಳು ಹೇಳಿದೆ. ಅದಾದ ಮೇಲೆ ಅವನು ಹದಿನಾಲ್ಕು ವರ್ಷ ಬದುಕಿದ್ದ. ವಾರಕ್ಕೊಮ್ಮೆಯಾದರೂ ಶಿವಮೊಗ್ಗದಿಂದ ಭದ್ರಾವತಿಗೆ ಬಂದು ನಮ್ಮ ಮನೆಯಲ್ಲಿ ಊಟ ಮಾಡಿ ಹೋಗುತ್ತಿದ್ದ. ಅಷ್ಟು ಊಟಗಳಲ್ಲಿ ಯಾವುದಾದರೂ ಒಂದರ ನಡುವೆ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೋದ ಶ್ರಾವಣದಲ್ಲಿ ಅವನು ತೀರಿಕೊಂಡ.

ನಾನು ಓದಿರುವುದು ಏಳನೇ ತರಗತಿಯವರೆಗೆ. ಅವನ ಬಗ್ಗೆ ಚೆನ್ನಾಗಿ ಬರೆಯಬಲ್ಲವರು ಅವನ ಕಚೇರಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಆದರೆ ಅವನ ಕೆಲಸದ ಬಗ್ಗೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅದಕ್ಕಾಗಿ ನಾನೇ ಬರೆಯುತ್ತಿದ್ದೇನೆ.

ಅವನು ಕೈ ತೊಳೆಯುವುದನ್ನು ನೋಡಬೇಕಿತ್ತು. ಊಟಕ್ಕೆ ಕೂರುವ ಮೊದಲು ಬಚ್ಚಲಿಗೆ ಹೋದರೆ ಬೇಗ ಬರುತ್ತಲೇ ಇರಲಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ, ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ ಉಜ್ಜಿ, ಆಮೇಲೆ ಎರಡೂ ಕೈ ಮೇಲಕ್ಕೆ ಎತ್ತಿಕೊಂಡು, ಯಾರೋ ಬಂದೂಕು ತೋರಿಸಿದ ಹಾಗೆ, ಅಡುಗೆಮನೆಗೆ ಬರುತ್ತಿದ್ದ. ಟವೆಲ್ ಕೊಟ್ಟರೆ ಬೇಡ ಎನ್ನುತ್ತಿದ್ದ. ಅದೇ ಮನುಷ್ಯ ಹೊಲಕ್ಕೆ ಹೋದರೆ ಹಿಡಿ ಮಣ್ಣು ತೆಗೆದು ಮೂಗಿಗೆ ಹಿಡಿಯುತ್ತಿದ್ದ. ಕೆಲವು ಸಲ ನಾಲಿಗೆಗೂ ತಾಗಿಸುತ್ತಿದ್ದ. ನನ್ನ ಗಂಡ ಇದನ್ನು ನೋಡಿ, "ನಿನ್ನ ತಮ್ಮ ಮನೇಲಿ ಡಾಕ್ಟ್ರು, ಹೊಲದಲ್ಲಿ ಎರೆಹುಳ" ಎನ್ನುತ್ತಿದ್ದರು. ಅವನಿಗೆ ಈ ಮಾತು ಬಹಳ ಇಷ್ಟವಾಗಿತ್ತು. ಕಚೇರಿಯಲ್ಲೂ ಹೇಳಿಕೊಂಡು ನಗುತ್ತಿದ್ದನಂತೆ.

ಅವನ ಕೆಲಸ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ. ಕಣ್ಣಿಗೆ ಕಾಣದ ಜೀವಾಣುವಿನಿಂದ ಹಿಡಿದು ಬಾಳೆಗಿಡದವರೆಗೆ, ಜೀವ ಇರುವ ವಸ್ತುಗಳಿಂದ ದೇಶಕ್ಕೆ ಏನು ಉಪಯೋಗ ಮಾಡಿಕೊಳ್ಳಬಹುದು ಎಂದು ಹುಡುಕಿ, ಅದನ್ನು ಜನರಿಗೆ ಮುಟ್ಟಿಸುವ ಸಂಸ್ಥೆ. ದೊಡ್ಡ ಕಚೇರಿ ದೆಹಲಿಯಲ್ಲಿ. ಶಿವಮೊಗ್ಗದಲ್ಲಿ ಇದ್ದದ್ದು ಬಾಡಿಗೆ ಕಟ್ಟಡದ ಮಹಡಿಯಲ್ಲಿ ನಾಲ್ಕು ಕೋಣೆ. ಕೆಳಗೆ ಪಂಕ್ಚರ್ ಅಂಗಡಿ, ಮೇಲೆ ಮೂರು ಭಾಷೆಯ ಬೋರ್ಡು. ಅದರಲ್ಲಿ ಜೈವಿಕ ತಂತ್ರಜ್ಞಾನ, ರಾಷ್ಟ್ರದ ಅಭಿವೃದ್ಧಿ ಎಂದೆಲ್ಲ ಬರೆದಿತ್ತು. ಬೋರ್ಡು ಓದಿದ ಯಾರೂ ಮೇಲೆ ಬರುತ್ತಿರಲಿಲ್ಲ. ಬಂದವರೆಲ್ಲ ಬೋರ್ಡು ಓದದವರು, ಬಿಳಿ ಕೋಟು ನೋಡಿ ಬಂದವರು.

"ಸಾರ್, ಖಾಲಿ ಹೊಟ್ಟೇಲಿ ಬಂದಿದೀನಿ. ಶುಗರ್ ಟೆಸ್ಟಿಗೆ ಇಲ್ಲೇ ರಕ್ತ ಕೊಡೋದಾ?" ಎಂದು ಕೇಳುತ್ತಿದ್ದರಂತೆ.

"ಇಲ್ಲ ಯಜಮಾನ್ರೇ, ಇಲ್ಲಿ ಮಣ್ಣಿನ ರಕ್ತ ನೋಡ್ತೀವಿ. ನಿಮ್ದಕ್ಕೆ ಎದುರುಗಡೆ ಲ್ಯಾಬಿಗೆ ಹೋಗಿ. ಹಾಗೇ ನಾಳೆ ಬರುವಾಗ ಒಂದು ಹಿಡಿ ಹೊಲದ ಮಣ್ಣು ತನ್ನಿ" ಎಂದು ಇವನು ಕಳಿಸುತ್ತಿದ್ದ. ಹಾಗೆ ಮಣ್ಣು ತಂದವರೂ ಇದ್ದರು.

ಹಳ್ಳಿಗಳಿಗೆ ಹೋಗಿ ರೈತರಿಗೆ ತಿಳಿಸಿ ಹೇಳುವುದೂ ಅವನ ಪಾಲಿಗೆ ಬಂದಿತ್ತು. ಜೈವಿಕ ತಂತ್ರಜ್ಞಾನ ಎಂದರೆ ಹೆದರಬೇಡಿ, ನಿಮ್ಮ ಮನೆಯ ಹೆಂಗಸರು ದಿನಾ ಹಾಲಿಗೆ ಹೆಪ್ಪು ಹಾಕುತ್ತಾರಲ್ಲ, ಅದೂ ಅದೇ ಎಂದು ಶುರು ಮಾಡುತ್ತಿದ್ದ. ಕುಂಸಿಯಲ್ಲಿ ಒಬ್ಬ ಮುದುಕಪ್ಪ ಎದ್ದು ನಿಂತು, "ಅಲ್ಲಾ ಸ್ವಾಮಿ, ದೆಹಲಿಯಿಂದ ಸರ್ಕಾರ ನಿಮ್ಮನ್ನ ಕಳಿಸಿದ್ದು ಹೆಪ್ಪು ಹಾಕೋದು ಹೇಳ್ಕೊಡೋಕಾ? ನಮ್ಮನೆಯೋಳನ್ನೇ ಕಳಿಸ್ತಿದ್ದೆನಲ್ಲ ದೆಹಲಿಗೆ" ಎಂದನಂತೆ. ಇದನ್ನು ನಮ್ಮ ಮನೆಯಲ್ಲಿ ಹೇಳುವಾಗ ಅವನಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೆ ಹತ್ತಿತು. ತನ್ನನ್ನು ಯಾರಾದರೂ ಸೋಲಿಸಿದರೆ ಅವನಿಗೆ ಅಷ್ಟು ಖುಷಿ.

ಆನೆ ಲದ್ದಿಯ ಕಥೆ ಹೇಳದೆ ಅವನ ಬಗ್ಗೆ ಹೇಳಿದ ಹಾಗಾಗುವುದಿಲ್ಲ. ಒಂದು ದಿನ ನಾನು ಚಿತ್ರಾನ್ನ ಹಾಕಿ ಕೊಟ್ಟ ಸ್ಟೀಲ್ ಡಬ್ಬಿ ತೆಗೆದುಕೊಂಡು ಅವನು ಸಕ್ರೆಬೈಲಿಗೆ ಹೋದ. ಆನೆ ಬಿಡಾರದಲ್ಲಿ ಅಪ್ಪಣೆ ಕೇಳಿಕೊಂಡು, ಮಾವುತನ ಜೊತೆ ಕೂತು ಚಿತ್ರಾನ್ನ ತಿಂದು, ಅದೇ ಡಬ್ಬಿಯ ತುಂಬ ಬಿಸಿ ಲದ್ದಿ ತುಂಬಿಕೊಂಡು ಬಸ್ಸು ಹತ್ತಿದ. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

"ಏನ್ರೀ ಅದು ಡಬ್ಬೀಲಿ?"

"ಆನೆ ಲದ್ದಿ."

ಕಂಡಕ್ಟರ್ ಹಿಂದೆ ಮುಂದೆ ನೋಡಿ, "ಆನೆ ಹತ್ತಿಲ್ವಲ್ಲ, ಪುಣ್ಯ. ಒಂದು ಶಿವಮೊಗ್ಗ ತಗೊಳ್ಳಿ" ಎಂದು ಟಿಕೆಟ್ ಹರಿದನಂತೆ.

"ನನ್ನ ಡಬ್ಬೀನೇ ಬೇಕಿತ್ತೇನೋ ನಿಂಗೆ?" ಎಂದು ನಾನು ಬೈದೆ.

"ಅಕ್ಕಾ, ನಿನ್ನ ಡಬ್ಬಿಯಷ್ಟು ಬಿಗಿ ಮುಚ್ಚಳ ನಮ್ಮ ಲ್ಯಾಬಲ್ಲೂ ಇಲ್ಲ ಮಾರಾಯ್ತಿ."

ಆನೆ ಬಿದಿರು ತಿನ್ನುತ್ತದೆ, ತೊಗಟೆ ತಿನ್ನುತ್ತದೆ. ಅದನ್ನೆಲ್ಲ ಕರಗಿಸುವುದು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು. ಅವುಗಳಲ್ಲಿ ಒಂದನ್ನು ಬೇರೆ ಮಾಡಿ ಬೆಳೆಸಿದರೆ, ಭತ್ತ ಕೊಯ್ದ ಮೇಲೆ ರೈತರು ಗದ್ದೆಯಲ್ಲಿ ಸುಡುವ ಹುಲ್ಲನ್ನು ಬೇಗ ಗೊಬ್ಬರ ಮಾಡಬಹುದು ಎಂದು ಅವನ ಯೋಚನೆ. ಎರಡು ವರ್ಷ ಅದರ ಹಿಂದೆ ಬಿದ್ದ. ಗಾಜಿನ ತಟ್ಟೆಗಳಲ್ಲಿ ಬೆಳೆಸುವುದು, ಕೆಟ್ಟದ್ದನ್ನು ಎಸೆಯುವುದು, ಮತ್ತೆ ಬೆಳೆಸುವುದು. ಕೊನೆಗೆ ಒಂದು ಸಿಕ್ಕಿತು. ಅದನ್ನು ಪುಡಿಗೆ ಬೆರೆಸಿ ಹುಲ್ಲಿನ ರಾಶಿಗೆ ಹಾಕಿದರೆ ಹುಲ್ಲು ಬೇಗ ಕಪ್ಪಗೆ, ಚಹಾಪುಡಿಯ ಹಾಗೆ ಆಗುತ್ತಿತ್ತು. ಅಂಥ ಗೊಬ್ಬರವನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದು ಅವನು ನನಗೆ ಮೊದಲು ತೋರಿಸಿದ. ನಾನು ಮೂಸಿ ನೋಡಿದೆ. ಲದ್ದಿಯ ವಾಸನೆ ಇರಲಿಲ್ಲ, ಮೊದಲ ಮಳೆ ಬಿದ್ದ ನೆಲದ ಹಾಗಿತ್ತು.

ಅವನದು ಖಾಯಂ ಕೆಲಸವಲ್ಲ. ಮೂರು ವರ್ಷದ ಯೋಜನೆಯ ಮೇಲೆ ಇದ್ದವನು. ಈ ಗೊಬ್ಬರ ರೈತರ ಹೊಲದಲ್ಲಿ ಫಲ ಕೊಡುತ್ತದೆ ಎಂದು ತೋರಿಸಿದರೆ ದೆಹಲಿಯವರು ಯೋಜನೆಯನ್ನು ದೊಡ್ಡದು ಮಾಡುತ್ತಾರೆ, ಅವನಿಗೆ ವಿಜ್ಞಾನಿಯ ಹುದ್ದೆ ಸಿಗುತ್ತದೆ. ತೋರಿಸಲಾಗದಿದ್ದರೆ ಇಲ್ಲ. ಆಗ ಅವನಿಗೆ ಮೂವತ್ತೆಂಟು ವರ್ಷ. ಮದುವೆಯ ಮಾತು ಎತ್ತಿದರೆ, "ಮೊದಲು ಕೆಲಸ ಗಟ್ಟಿಯಾಗಿ ನಿಲ್ಲಲಿ ಅಕ್ಕಾ, ಆಮೇಲೆ ನಾನು ಹಸೆಮಣೆ ಮೇಲೆ ಕೂರ್ತೀನಿ" ಎನ್ನುತ್ತಿದ್ದ.

ಪ್ರಯೋಗಕ್ಕೆ ಹೊಲ ಸಿಗುವುದೇ ಕಷ್ಟವಾಯಿತು. ಎಂಟು ಸಾಲು ಬದನೆ ಗಿಡ. ನಾಲ್ಕು ಸಾಲಿಗೆ ಅವನ ಗೊಬ್ಬರ, ಮಿಕ್ಕ ನಾಲ್ಕಕ್ಕೆ ಏನೂ ಹಾಕುವಂತಿಲ್ಲ, ಬರೀ ನೀರು. ಕುಂಸಿಯ ಒಬ್ಬ ರೈತ ಮೊದಲು ಒಪ್ಪಿ, ಗಿಡ ನೆಡುವ ದಿನ ಕೈಮುಗಿದುಬಿಟ್ಟ. "ಹಾಕಿದ್ರೆ ಎಂಟಕ್ಕೂ ಹಾಕಿ ಸಾರ್, ಇಲ್ಲಾಂದ್ರೆ ಯಾವುದಕ್ಕೂ ಬೇಡ. ಅರ್ಧ ಮಕ್ಕಳಿಗೆ ಉಣ್ಣೋಕಿಟ್ಟು ಅರ್ಧ ಮಕ್ಕಳನ್ನ ನೋಡ್ತಾ ಕೂರೋಕೆ ನನ್ನ ಕೈಲಿ ಆಗಲ್ಲ" ಎಂದನಂತೆ. ನನ್ನ ತಮ್ಮ ಇದನ್ನು ಹೇಳಿ ತಲೆ ಕೆರೆದುಕೊಂಡ. ನಾನು ನಕ್ಕೆ. ಎಂಥ ದಡ್ಡ ರೈತ ಎಂದೆ. ನಮ್ಮ ಹೊಲದಲ್ಲಿ ಮಾಡು ಎಂದೆ.

ಭದ್ರಾವತಿಯ ಓಲ್ಡ್ ಟೌನಿನಿಂದ ಆಚೆ, ಕಾಲುವೆಯ ಪಕ್ಕ ನನ್ನ ಗಂಡನ ಪಾಲಿಗೆ ಬಂದ ಹದಿನೈದು ಗುಂಟೆ ಇದೆ. ಅವರು ಕಾರ್ಖಾನೆಗೆ ಹೋಗುತ್ತಿದ್ದರು, ಹೊಲ ನನ್ನದೇ. ತರಕಾರಿ ಬೆಳೆದು ಓಲ್ಡ್ ಟೌನ್ ಮಾರ್ಕೆಟ್ಟಿನಲ್ಲಿ ಕೂತು ಮಾರುವುದು ನನ್ನ ಕೆಲಸ. ತಮ್ಮ ಹಗ್ಗ ಹಿಡಿದು ಸಾಲು ಅಳೆದ. ಗೂಟ ಹೊಡೆದ. ಒಂದು ಕಡೆಗೆ ಹಸಿರು ಬಣ್ಣದ ಹಲಗೆ, ಇನ್ನೊಂದು ಕಡೆಗೆ 'ಕಂಟ್ರೋಲ್' ಎಂದು ಬರೆದ ಬಿಳಿ ಹಲಗೆ ನೆಟ್ಟ. ಆಮೇಲೆ ನನ್ನನ್ನು ಬಿಳಿ ಹಲಗೆಯ ಮುಂದೆ ನಿಲ್ಲಿಸಿಕೊಂಡು ಹೇಳಿದ.

"ಅಕ್ಕಾ, ಈ ನಾಲ್ಕಕ್ಕೆ ಬರೀ ನೀರು. ಸಗಣಿ ಬೇಡ, ಸೊಪ್ಪು ಬೇಡ, ಒಲೆ ಬೂದೀನೂ ಬೇಡ. ಇವು ಸಾಕ್ಷಿ. ಇವು ಹಸಿದಿದ್ರೇನೇ ಅವು ಉಂಡಿದ್ದು ಗೊತ್ತಾಗೋದು."

"ಆಯ್ತು ಮಾರಾಯ, ಎಷ್ಟು ಸಲ ಹೇಳ್ತೀಯ? ನಾನೇನು ಕೂಸಾ?"

ಗಿಡ ಹತ್ತಿಕೊಂಡು ಒಂದೊಂದು ಎಲೆ ಬಿಡುವ ಹೊತ್ತಿಗೆ ಅವನನ್ನು ಕಚೇರಿಯವರು ಒಂದು ತಿಂಗಳ ತರಬೇತಿಗೆ ಹೈದರಾಬಾದಿಗೆ ಕಳಿಸಿದರು. ಹಸಿರು ಹಲಗೆಯ ಸಾಲುಗಳಿಗೆ ಇನ್ನೊಮ್ಮೆ ಹಾಕಲೆಂದು ಮೂರು ಚೀಲ ಗೊಬ್ಬರ ನಮ್ಮ ಮನೆಯ ಹಿಂದೆ ಇಳಿಸಿದ್ದ. ಅದನ್ನು ಹಾಕಿದ ಮೇಲೂ ಒಂದೂವರೆ ಚೀಲ ಉಳಿಯಿತು.

ಆ ತಿಂಗಳು ನಡೆದದ್ದನ್ನು ನೋಡಿದವಳು ನಾನೊಬ್ಬಳೇ. ಹದಿನೈದು ದಿನಕ್ಕೇ ಎರಡೂ ಕಡೆಯ ಬಣ್ಣ ಬೇರೆಯಾಯಿತು. ಗೊಬ್ಬರ ಹಾಕಿದ ಸಾಲುಗಳು ದಪ್ಪ ಎಲೆ ಬಿಟ್ಟು ಕಪ್ಪು ಹಸಿರಿಗೆ ತಿರುಗಿದವು. ಬಿಳಿ ಹಲಗೆಯ ಕಡೆಯವು ಗೇಣುದ್ದಕ್ಕೇ ನಿಂತವು, ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದವು. ನನ್ನ ತಮ್ಮ ಏನನ್ನು ತೋರಿಸಬೇಕೆಂದಿದ್ದನೋ ಅದು ನನ್ನ ಹೊಲದಲ್ಲಿ ಕಣ್ಣಿಗೆ ಕಾಣುವ ಹಾಗೆ ನಿಂತಿತ್ತು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ದಿನಾ ಬೆಳಿಗ್ಗೆ ನೀರು ಬಿಡಲು ಹೋದಾಗ ಮಾತ್ರ ಬಿಳಿ ಹಲಗೆಯ ಕಡೆ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಪಕ್ಕದ ತುಂಡಿನಲ್ಲಿ ಹೂ ಬೆಳೆಯುತ್ತಿದ್ದ ಹೆಂಗಸಿನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಏನ್ ಮಾರಾಯ್ತಿ, ಆ ಕಡೇವು ಹೆತ್ತ ಮಕ್ಳು, ಈ ಕಡೇವು ಸವತಿ ಮಕ್ಳಾ?" ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದಳು. "ಸರ್ಕಾರದ ಪ್ರಯೋಗ ಕಣೇ" ಎಂದರೆ, "ಸರ್ಕಾರ ಹೇಳ್ತು ಅಂತ ಉಪವಾಸ ಕೆಡವ್ತೀಯಾ? ನಾಳೆ ನನ್ನನ್ನ ಕೆಡವು ಅಂದ್ರೆ?" ಎಂದು ನಗುತ್ತಿದ್ದಳು.

ನಮ್ಮ ತವರಿನವರು ಮಠದ ದಾಸೋಹದಲ್ಲಿ ಬಡಿಸುವವರು. ನನಗೆ ಒಂಬತ್ತು ವರ್ಷವಾಗಿದ್ದಾಗ ಮೊದಲ ಸಲ ಪಾಯಸದ ಬಕೆಟ್ ನನ್ನ ಕೈಗೆ ಬಂತು. ಪಂಕ್ತಿಯ ಕೊನೆಯಲ್ಲಿ ಪಾಯಸ ಕಡಿಮೆ ಬೀಳುತ್ತದೆ ಎಂದು ನಾನು ಒಬ್ಬ ಮುದುಕನ ಎಲೆ ದಾಟಿ ಮುಂದೆ ಹೋದೆ. ಅವ್ವ ಎಲ್ಲಿದ್ದಳೋ, ಬಂದು ನನ್ನ ಜಡೆ ಹಿಡಿದು ನಿಲ್ಲಿಸಿದಳು. ಆ ಮುದುಕನಿಗೆ ನನ್ನಿಂದ ಕೈಮುಗಿಸಿ, ಪಾಯಸ ಹಾಕಿಸಿ, ಆಮೇಲೆ ಮುಂದಕ್ಕೆ ಬಿಟ್ಟಳು. "ಒಂದು ಎಲೆ ಬಿಟ್ಟು ಹೋದ್ರೆ ಬಡಿಸಿದ್ದೆಲ್ಲಾ ಮಣ್ಣು" ಎಂದಳು. ಪಂಕ್ತಿಭೇದಕ್ಕಿಂತ ದೊಡ್ಡ ಪಾಪ ನಮ್ಮ ಮನೆಯಲ್ಲಿ ಇರಲಿಲ್ಲ. ತಮ್ಮ ಆಗ ತೊಟ್ಟಿಲಿನಲ್ಲಿದ್ದ. ದೊಡ್ಡವನಾದ ಮೇಲೆ ಅವನು ಬಡಿಸುವ ಕಡೆ ಬರಲಿಲ್ಲ, ಓದಿಗೆ ಹೋದ. ಅವನಿಗೆ ಬಿಳಿ ಹಲಗೆ ಲೆಕ್ಕವಾಗಿ ಕಾಣುತ್ತಿತ್ತು. ನನಗೆ ಹಾಗೆ ಕಾಣಲಿಲ್ಲ.

ಇಪ್ಪತ್ತನೇ ದಿನದ ಬೆಳಿಗ್ಗೆ ಉಳಿದ ಒಂದೂವರೆ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಆ ನಾಲ್ಕು ಸಾಲಿಗೆ ಹಾಕಿದೆ. ಬುಡ ಬಿಡಿಸಿ, ಹಾಕಿ, ಮಣ್ಣು ಮುಚ್ಚಿ, ನೀರು ಕೊಟ್ಟೆ. ಅಷ್ಟು ದಿನ ಹಸಿದಿದ್ದವಲ್ಲ ಎಂದು ಒಂದು ಹಿಡಿ ಹೆಚ್ಚೇ ಹಾಕಿದೆ. ಮರುದಿನ ಸಗಣಿ ಗಂಜಲದ ನೀರನ್ನೂ ಹೊಯ್ದೆ. ಮನಸ್ಸು ಹಗುರವಾಯಿತು. ಅವನಿಗೆ ಕೇಡು ಮಾಡುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ ಎಂದರೆ ಅರ್ಧ ಸುಳ್ಳು. ಹೊಳೆದಿತ್ತು. ಸ್ವಲ್ಪ ಹಾಕಿದರೆ ಏನಾಗುತ್ತದೆ, ಅವು ಹೇಗೂ ಹಿಂದೆ ಬಿದ್ದಿವೆ, ಹಿಂದೆಯೇ ಇರುತ್ತವೆ ಎಂದುಕೊಂಡೆ.

ಹಿಂದೆ ಉಳಿಯಲಿಲ್ಲ. ಅವನ ಗೊಬ್ಬರ ಅಷ್ಟು ಚೆನ್ನಾಗಿತ್ತು.

ಅವನು ಹೈದರಾಬಾದಿನಿಂದ ಬಂದು ನೋಡುವಾಗ ಎಂಟೂ ಸಾಲು ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬಂದಿದ್ದವು. ಬಿಳಿ ಹಲಗೆಯ ಕಡೆಯಿಂದ ಹಿಡಿ ಮಣ್ಣು ತೆಗೆದು ಮೂಸಿದ. "ಉಳಿದ ಗೊಬ್ಬರ ಎಲ್ಲಿ ಅಕ್ಕಾ?" ಎಂದ. "ಇಲಿ ಚೀಲ ಕಚ್ಚಿತ್ತು, ತಿಪ್ಪೆಗೆ ಸುರಿದೆ" ಎಂದೆ. "ಹೋಗ್ಲಿ ಬಿಡು" ಎಂದ.

ಕಾಯಿ ಬಿಡಿಸುವಾಗ ಒಂದೊಂದು ಸಾಲಿನದನ್ನು ಒಂದೊಂದು ಬುಟ್ಟಿಗೆ ಹಾಕಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲ ಕೊಯ್ಲಿನಲ್ಲಿ ಎರಡೂ ಕಡೆ ಒಂದೇ ಆಯಿತು. ಎರಡನೆಯದರಲ್ಲಿ ಬಿಳಿ ಹಲಗೆಯ ಸಾಲುಗಳೇ ಒಂದು ಮುಷ್ಟಿ ಹೆಚ್ಚು ತೂಗಿದವು. ಅವನು ತಕ್ಕಡಿಯನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಇನ್ನೊಮ್ಮೆ ತೂಗಿದ. ಮೂರನೇ ಕೊಯ್ಲಿಗೆ ತನ್ನ ತಕ್ಕಡಿ ಬೇಡವೆಂದು ನನ್ನ ಮಾರ್ಕೆಟ್ಟಿನ ತಕ್ಕಡಿ ತರಿಸಿದ. ಬದಲಾಗಲಿಲ್ಲ. ನಾನು ಬುಟ್ಟಿ ಎತ್ತಿ ಕೊಡುತ್ತ ನಿಂತಿದ್ದೆ. "ಫಲಿತಾಂಶ ನಮ್ಮ ನೆಂಟ ಅಲ್ಲ ಅಕ್ಕಾ, ನಾವು ಕರೆದ ಹಾಗೆ ಬರೋಕೆ" ಎಂದು ನನಗೇ ಸಮಾಧಾನ ಹೇಳಿದ.

ದೆಹಲಿಯಿಂದ ಒಬ್ಬರು, ಬೆಂಗಳೂರಿನಿಂದ ಒಬ್ಬರು ನೋಡಲು ಬಂದರು. ಶಿವಮೊಗ್ಗದ ಕೇಂದ್ರದ ಮುಖ್ಯಸ್ಥರೂ ಇದ್ದರು. ನಾನು ಎಳನೀರು ಕೊಚ್ಚಿ ಕೊಟ್ಟು ಸ್ವಲ್ಪ ದೂರ ನಿಂತೆ. ಬೆಂಗಳೂರಿನವರು ನೋಟ್‌ಬುಕ್ಕಿನ ಹಾಳೆ ತಿರುಗಿಸುತ್ತ ಹೇಳಿದರು. "ಕಂಟ್ರೋಲ್ ಸಾಲಿಗೂ ಏನೋ ಬಿದ್ದ ಹಾಗಿದೆಯಲ್ರೀ. ಓದಿಲ್ಲದವರಿಗೆ ಹೇಳಿದ್ದು ಅರ್ಥ ಆಗಿರೋದಿಲ್ಲ. ಸುಮ್ನೆ ಹಾಕಿಬಿಟ್ಟಿರ್ತಾರೆ. ಕೇಳಿ ನೋಡಿ."

ತಮ್ಮ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಒಂದು ಆಸೆ ಇತ್ತು. ಈಗ ನೆನೆಸಿಕೊಂಡರೆ, ಹೌದು ಎಂದು ನಾನು ಹೇಳಲಿ ಎಂಬ ಆಸೆಯೇ ಇರಬೇಕು.

"ಅಕ್ಕಾ, ಆ ನಾಲ್ಕು ಸಾಲಿಗೆ ಏನಾದ್ರೂ ಹಾಕಿದ್ದಾ? ಹಾಕಿದ್ರೂ ಪರವಾಗಿಲ್ಲ, ಹೇಳು. ಇನ್ನೊಂದು ಬೆಳೆಗೆ ಅವಕಾಶ ಕೇಳ್ತೀನಿ."

ಹೇಳಲು ಇಷ್ಟು ಸುಲಭ ಮಾಡಿಕೊಟ್ಟಿದ್ದ. ನನ್ನ ಕಿವಿಯಲ್ಲಿ ಮಾತ್ರ ಬೆಂಗಳೂರಿನವರ ಮಾತೇ ನಿಂತಿತ್ತು. ನನಗೆ ಅರ್ಥವಾಗಿರಲಿಲ್ಲವೆ? ಅವನು ಹೇಳಿದ ಒಂದೊಂದು ಮಾತೂ ಅರ್ಥವಾಗಿತ್ತು. ಅರ್ಥವಾಗಿಯೇ ಹಾಕಿದ್ದೆ. ಹಾಕಿದ್ದೇನೆ ಎಂದರೆ ಆ ಮೂವರೂ ನನ್ನನ್ನು ದಡ್ಡಿ ಎಂದುಕೊಳ್ಳುತ್ತಾರೆ ಎನ್ನುವುದೊಂದೇ ಆಗ ತಲೆಯಲ್ಲಿತ್ತು.

"ಇಲ್ಲಪ್ಪ. ನೀನು ಬೇಡ ಅಂದ್ಮೇಲೆ ನಾನ್ಯಾಕೆ ಹಾಕ್ಲಿ?" ಎಂದೆ.

ಅವನು ಅವರ ಕಡೆ ತಿರುಗಿ, "ನಮ್ಮಕ್ಕ ಹಾಕಿಲ್ಲ ಅಂದ್ರೆ ಹಾಕಿಲ್ಲ ಸಾರ್. ವ್ಯತ್ಯಾಸ ಇಲ್ಲ ಅಂತಲೇ ಬರ್ಕೊಳ್ಳಿ" ಎಂದ.

ಯೋಜನೆ ನಿಂತಿತು. ಇನ್ನೊಂದು ಬೆಳೆಯ ಮಾತೇ ಬರಲಿಲ್ಲ. ಕೇಂದ್ರದವರು ಒಳ್ಳೆಯವರು, ಅವನನ್ನು ಪೂರ್ತಿ ಬಿಡಲಿಲ್ಲ. ವರ್ಷವರ್ಷಕ್ಕೆ ಮುಂದುವರಿಸುವ ಕ್ಷೇತ್ರ ಸಹಾಯಕನ ಕೆಲಸ ಕೊಟ್ಟರು. ಬೇರೆಯವರು ಕಂಡುಹಿಡಿದ ಪುಡಿ, ಬೇರೆಯವರು ಬೆಳೆಸಿದ ಅಂಗಾಂಶ ಕೃಷಿಯ ಬಾಳೆಸಸಿ, ಇವನ್ನು ಹಳ್ಳಿಗಳಿಗೆ ಒಯ್ದು ತೋರಿಸುವುದು, ರೈತರಿಗೆ ಹೇಳುವುದು. ಹದಿನಾಲ್ಕು ವರ್ಷ ಅದನ್ನೇ ಮಾಡಿದ. ಸಪ್ಪೆ ಮುಖ ಮಾಡಿಕೊಂಡು ಮಾಡಲಿಲ್ಲ. ಸಸಿಗಳ ಟ್ರೇ ಹಿಡಿದು ಬಸ್ಸಿನಲ್ಲಿ ಹೋಗುವಾಗ ತನಗೆ ಸೀಟು ಸಿಕ್ಕರೆ ಟ್ರೇಯನ್ನು ಸೀಟಿನ ಮೇಲಿಟ್ಟು ತಾನು ನಿಲ್ಲುತ್ತಿದ್ದ. "ಇವುಕ್ಕೆ ಲ್ಯಾಬಲ್ಲಿ ಎಸಿ ಅಭ್ಯಾಸ, ಶ್ರೀಮಂತರ ಮಕ್ಳು" ಎನ್ನುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನೇ ಹೊಲದ ಪ್ರಯೋಗ ಹೇಗೆ ಮಾಡಬೇಕೆಂದು ಕಲಿಸುತ್ತಿದ್ದ. ಅವರ ಪ್ರಯೋಗಗಳು ಗೆದ್ದಾಗ ಪೇಡ ಹಂಚುತ್ತಿದ್ದ.

ಹೇಳಿಬಿಡಬೇಕೆಂದು ಎರಡು ಮೂರು ಸಲ ಬಾಯಿಯವರೆಗೆ ಬಂದದ್ದುಂಟು. ಒಮ್ಮೆ ಶಿವಮೊಗ್ಗದಲ್ಲಿ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಗೂ ಅವನಿಗೂ ಮಾತು ಹೊಂದಿತ್ತು. ಅವಳು ಸಕ್ರೆಬೈಲಿನ ಕಥೆ ಕೇಳಿ ಜೋರಾಗಿ ನಕ್ಕಿದ್ದಳು. ಅವಳ ಅಪ್ಪ, "ಕೆಲಸ ಖಾಯಮ್ಮಾ?" ಎಂದರು. "ಇಲ್ಲ, ಆಗೋದೂ ಇಲ್ಲ" ಎಂದ ಇವನು. ಅಲ್ಲಿಗೆ ಮುಗಿಯಿತು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅವನ ಪಕ್ಕ ಕೂತು, "ನೋಡೋ, ನಿಂಗೊಂದು ಹೇಳ್ಬೇಕು" ಎಂದೆ. "ಹೇಳೋಕೆ ಮುಂಚೆ ಏನಾದ್ರೂ ತಿನ್ನೋಣ ಅಕ್ಕಾ, ಆ ಮನೇಲಿ ನಾಚಿಕೆಗೆ ಒಂದೇ ಬಜ್ಜಿ ತಿಂದೆ" ಎಂದ. ಹೋಟೆಲಿಗೆ ಹೋದೆವು. ಎರಡು ಮಸಾಲೆದೋಸೆ ತಿಂದ. ಅಷ್ಟು ಹಸಿವಿನಿಂದ ತಿನ್ನುವವನ ಎದುರಿಗೆ ಆ ಮಾತು ಹೊರಡಲಿಲ್ಲ. "ಏನೋ ಹೇಳ್ಬೇಕು ಅಂದೆ?" ಎಂದು ಕಾಫಿ ಕುಡಿಯುತ್ತ ಕೇಳಿದ. "ಬೇರೆ ಕಡೆ ಒಂದು ಹುಡುಗಿ ಇದೆ" ಎಂದೆ. ಬೇರೆ ಕಡೆ ಯಾವ ಹುಡುಗಿಯೂ ಇರಲಿಲ್ಲ.

ಮೊದಲ ಕೆಲವು ವರ್ಷ ಅವನು ಸಿಟ್ಟಾಗುತ್ತಾನೆಂದು ಹೆದರಿ ಹೇಳಲಿಲ್ಲ. ಕೊನೆಯ ವರ್ಷಗಳಲ್ಲಿ ಅವನು ಸಿಟ್ಟಾಗುವುದಿಲ್ಲ ಎಂದು ಗೊತ್ತಾಯಿತು. ಅದು ಇನ್ನೂ ಕಷ್ಟವಾಯಿತು.

ಹೋದ ಶ್ರಾವಣದಲ್ಲಿ ಕುಂಸಿಯ ಕಡೆ ಒಂದು ತರಬೇತಿ ಮುಗಿಸಿ ಬಂದವನು ಎದೆ ನೋವು ಎಂದನಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋದ. ಐವತ್ತೆರಡು ವರ್ಷ.

ಎರಡು ತಿಂಗಳಾದ ಮೇಲೆ ಕೇಂದ್ರದಿಂದ ಫೋನ್ ಬಂತು. ಕಚೇರಿ ಹೊಸ ಕಟ್ಟಡಕ್ಕೆ ಹೋಗುತ್ತಿದೆ, ಅವನ ಸಾಮಾನುಗಳಿವೆ, ಬಂದು ತೆಗೆದುಕೊಂಡು ಹೋಗಿ ಎಂದರು. ಈಗಿನ ಮುಖ್ಯಸ್ಥೆ ಒಬ್ಬರು ಮೇಡಂ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವನಿಂದಲೇ ಕಲಿತವರು. ನನ್ನನ್ನು ಕೂರಿಸಿ ಕಾಫಿ ತರಿಸಿದರು. ಅವನ ಚಪ್ಪಲಿ, ಒಂದು ಸ್ವೆಟರ್, ಕನ್ನಡಕದ ಪೆಟ್ಟಿಗೆ, ಒಂದು ಕಟ್ಟು ನೋಟ್‌ಬುಕ್ಕು. ಪಕ್ಕದ ಕೋಣೆಯಲ್ಲಿ ಬೀರುವಿನಂಥ ದೊಡ್ಡ ಫ್ರೀಜರಿನ ಬಾಗಿಲು ತೆಗೆದು ಇಬ್ಬರು ಸಣ್ಣ ಸಣ್ಣ ಟ್ಯೂಬುಗಳನ್ನು ಆರಿಸುತ್ತಿದ್ದರು.

"ಅದರಲ್ಲಿ ಅವರದೂ ಇದೆ ಅಮ್ಮ. ಆನೆ ಲದ್ದಿಯಿಂದ ತೆಗೆದಿದ್ದು" ಎಂದರು ಮೇಡಂ. "ಬಳಕೆಗೆ ಬರದ ಹಳೇದನ್ನೆಲ್ಲ ಇವತ್ತು ಕುದಿಸಿ ಎಸೀತಿದೀವಿ. ಹೊಸ ಕಡೆ ಜಾಗ ಕಡಿಮೆ. ಎಸೆಯೋಕೆ ಮನಸ್ಸಿಲ್ಲ, ಆದ್ರೆ ಇದು ಹೊಲದಲ್ಲಿ ಕೆಲಸ ಮಾಡ್ಲಿಲ್ಲ ಅಂತ ಅವರೇ ಬರೆದಿದಾರೆ. ಇಟ್ಕೊಳ್ಳೋಕೆ ಕಾರಣ ಇಲ್ಲ."

ಮಾತಿಗೆ ಆಧಾರವಾಗಿ ಒಂದು ಹಳೆಯ ನೋಟ್‌ಬುಕ್ಕು ತೆಗೆದು ತೋರಿಸಿದರು. ಬದನೆಕಾಯಿಯ ತೂಕಗಳು ಸಾಲಾಗಿದ್ದವು. ಕೊನೆಯ ಹಾಳೆಯನ್ನು ಅವರೇ ಓದಿದರು. ಕಂಟ್ರೋಲ್ ಸಾಲಿಗೆ ಗೊಬ್ಬರ ಬಿದ್ದಿರುವ ಸಂಶಯ ಬಂತು ಎಂದು ಬರೆದಿದ್ದ. ಮಣ್ಣಿನ ವಾಸನೆಯೂ ಹಾಗೇ ಇದೆ ಎಂದು ಬರೆದಿದ್ದ. ಅದರ ಕೆಳಗೆ, 'ಅಕ್ಕನನ್ನು ಕೇಳಿದೆ. ಹಾಕಿಲ್ಲ ಎಂದಳು.' ಅದರ ಕೆಳಗೆ ಗೆರೆ ಎಳೆದು, ವ್ಯತ್ಯಾಸವಿಲ್ಲ ಎಂದು ಬರೆದು ಸಹಿ ಹಾಕಿದ್ದ.

ಆ ಕೋಣೆಯಲ್ಲಿ ಆರಿಸುತ್ತಿದ್ದವರು ಒಂದು ತಟ್ಟೆ ತುಂಬಿದ ಟ್ಯೂಬುಗಳನ್ನು ಎತ್ತಿಕೊಂಡರು.

"ಹಾಕಿದ್ದೆ" ಎಂದೆ.

ಮೇಡಂಗೆ ಅರ್ಥವಾಗಲಿಲ್ಲ. ನಾನು ಕೂತಲ್ಲಿಂದ ಎದ್ದೆ. ಅವನು ಹೈದರಾಬಾದಿಗೆ ಹೋಗಿದ್ದು, ಹದಿನೈದು ದಿನಕ್ಕೇ ಎರಡೂ ಕಡೆ ಬಣ್ಣ ಬೇರೆಯಾಗಿದ್ದು, ಒಂದೂವರೆ ಚೀಲ, ಹೆಚ್ಚಿಗೆ ಹಾಕಿದ ಹಿಡಿ, ಸಗಣಿ ನೀರು, ಎಲ್ಲವನ್ನೂ ಹೇಳಿದೆ. ಸಾಲು ಎಷ್ಟುದ್ದ, ಹಸಿದ ಗಿಡ ಎಷ್ಟೆತ್ತರ, ಯಾವ ಎಲೆಯಿಂದ ಹಳದಿಯಾಯಿತು ಎನ್ನುವುದನ್ನೂ ಹೇಳಿದೆ. ಹದಿನಾಲ್ಕು ವರ್ಷದಲ್ಲಿ ಒಂದೂ ಮರೆತಿರಲಿಲ್ಲ. ಅವರು ಪೆನ್ನು ತೆಗೆದು ಬರೆದುಕೊಂಡರು. ನನ್ನನ್ನು ಬೈಯಲಿಲ್ಲ. ಬರೆಯುವುದು ಮುಗಿದ ಮೇಲೆ ಆ ಕೋಣೆಯ ಕಡೆ ತಿರುಗಿ, "ಅವರ ಟ್ಯೂಬು ವಾಪಸ್ ಒಳಗಿಡಿ" ಎಂದರು.

"ಇನ್ನೂ ಜೀವ ಇದೆಯೋ ಇಲ್ವೋ ಗೊತ್ತಿಲ್ಲ ಅಮ್ಮ. ಬೆಳೆಸಿ ನೋಡ್ಬೇಕು. ಬಂದ್ರೆ ಮತ್ತೆ ಹೊಲದಲ್ಲಿ ಹಾಕಿ ನೋಡ್ಬೇಕು" ಎಂದರು.

"ನೋಡಿ ಮೇಡಂ. ನನ್ನ ಹೊಲದಲ್ಲಿ ಮಾತ್ರ ಬೇಡ" ಎಂದೆ.

ಟ್ಯೂಬನ್ನು ಇಡುವ ಮೊದಲು ಮೇಡಂ ಅದನ್ನು ನನಗೆ ತೋರಿಸಿದರು. ಕಿರುಬೆರಳಿನಷ್ಟು ಸಣ್ಣದು. ಮೇಲೆ ಹಿಮ ಕಟ್ಟಿತ್ತು. ಒರೆಸಿದಾಗ ಅವನ ಅಕ್ಷರ ಕಂಡಿತು. ಅವನಿಗೆ ಹೇಳಬೇಕಾದ್ದನ್ನು ಮೇಡಂಗೆ ಹೇಳಿ ಮುಗಿಸಿದ ಹಾಗಾಗಬಾರದು ಎನ್ನಿಸಿತು. ಅವರೆಲ್ಲ ನಿಂತಿದ್ದರು, ಇರಲಿ ಎಂದುಕೊಂಡೆ. ಮನಸ್ಸಿನಲ್ಲಿ ಸಾವಿರ ಸಲ ಹೇಳಿದ್ದನ್ನು ಗಟ್ಟಿಯಾಗಿ ಹೇಳಿದೆ.

"ತಪ್ಪಾಯ್ತು ಕಣೋ ತಮ್ಮಾ. ಆ ನಾಲ್ಕು ಸಾಲಿಗೆ ಹಾಕಿದ್ದು ನಾನೇ. ನೀನು ಹೇಳಿದ್ದು ನಂಗೆ ಅರ್ಥ ಆಗಿತ್ತು, ಆದ್ರೂ ಹಾಕಿದೆ. ನೀನು ಕೇಳಿದಾಗ ಇಲ್ಲ ಅಂದೆ. ನನ್ನ ಮಾತು ನಂಬಿ ನಿನ್ನ ಕೆಲಸಾನ ನೀನೇ ಹೊಡೆದು ಹಾಕ್ಕೊಂಡೆ. ನನ್ನನ್ನ ಕ್ಷಮಿಸ್ಬಿಡು."